ಹುಳಿಹುರುಳು, ಕಣ್ಣುರಿ, ಠೂ ಗಾಳಿ

ಹೋದ ತಿಂಗಳು ಮಗಳನ್ನು ನೋಡಲು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿದ್ದೆ. ತನ್ವಿ ಅಲ್ಲಿ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನಲ್ಲಿ ಐಟಿ ಕೆಲಸಕ್ಕಿದ್ದಾಳೆ. ಆಫೀಸಿಗೆ ನಡೆದೇ ಹೋಗುವಷ್ಟು ಹತ್ತಿರ, ಕತ್ತೆತ್ತಿ ನೋಡಿದರೆ ಕತ್ತೇ ನೋಯುವಂಥ ಕಟ್ಟಡದಲ್ಲಿ ರೆಂಟಿಗಿದ್ದಾಳೆ. ಸಂಜೆ ಇಬ್ಬರೂ ಲಿಫ್ಟಿನಲ್ಲಿ ಇಳಿಯುವಾಗ ನಡುವಿನ ಯಾವುದೋ ಮಹಡಿಯಲ್ಲಿ ಬಾಗಿಲು ತೆರೆಯಿತು. ಹತ್ತುವವರು ಯಾರೂ ಇರಲಿಲ್ಲ. ಆ ಮಹಡಿಯಲ್ಲಿ ಈಜುಕೊಳವಿದೆಯಂತೆ. ಕ್ಲೋರಿನ್ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

“ಕಣ್ಣುರಿ,” ಅಂದುಬಿಟ್ಟೆ, ನನಗೇ ಗೊತ್ತಿಲ್ಲದ ಹಾಗೆ.

ತನ್ವಿ ಫೋನಿನಿಂದ ತಲೆಯೆತ್ತಿದಳು. “ಆರ್ ಯೂ ಓಕೆ, ಅಮ್ಮಾ? ಡೂ ಯೂ ವಾಂಟ್ ಐ ಡ್ರಾಪ್ಸ್?”

“ಬ್ಯಾಡ,” ಅಂದೆ. ಬಾಗಿಲು ಮುಚ್ಚಿಕೊಂಡಿತು.

ಕಣ್ಣುರಿ ಅನ್ನುವುದು ಕ್ಲೋರಿನ್ನಿಗೆ ನಾವಿಟ್ಟಿದ್ದ ಹೆಸರು. ನಾವು ಅಂದರೆ ನಾನು ಮತ್ತು ಬ್ಲ್ಯಾಕ್‌ಟೌನ್‌ನ ಭಾನುವಾರದ ಕನ್ನಡ ಶಾಲೆಯ ಒಂದು ಹಿಡಿ ಮಕ್ಕಳು. ಅವರಲ್ಲಿ ತನ್ವಿಯೂ ಒಬ್ಬಳು, ಆಗ ಅವಳಿಗೆ ಒಂಬತ್ತು ವರ್ಷ. ಆ ಒಂದು ವರ್ಷವನ್ನು ನಾನು ಇವತ್ತಿಗೂ ಯಾರಿಗೂ ಕ್ಷಮಿಸಿಲ್ಲ.

ನಾನು ಧಾರವಾಡದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡಿದ್ದವಳು. ನಮ್ಮ ಮನೆಯವರ ಸ್ಕಿಲ್ಡ್ ವೀಸಾದ ಬಾಲ ಹಿಡಿದು ಸಿಡ್ನಿಗೆ ಬಂದೆ. ಇಲ್ಲಿ ಟೀಚರ್ ಆಗಬೇಕಾದರೆ ಮತ್ತೆ ಮೊದಲಿನಿಂದ ಓದು ಅಂದರು. ಸಣ್ಣ ಮಗಳನ್ನು ಕಟ್ಟಿಕೊಂಡು ಎಲ್ಲಿ ಓದುವುದು? ಕೊನೆಗೆ ಸಿಕ್ಕಿದ್ದು ಬ್ಲ್ಯಾಕ್‌ಟೌನ್‌ನಲ್ಲಿ ಈಜುಕೊಳದ ಸಾಮಾನು ಮಾರುವ ಅಂಗಡಿಯ ಕೆಲಸ. ಜನ ತಮ್ಮ ಹಿತ್ತಲಿನ ಕೊಳದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬರುವುದು, ನಾನು ಅದಕ್ಕೆ ನಾಲ್ಕು ಹನಿ ಬಿಟ್ಟು ಬಣ್ಣ ನೋಡಿ, ಇಷ್ಟು ಕ್ಲೋರಿನ್ ಹಾಕಿ, ಇಷ್ಟು ಆ್ಯಸಿಡ್ ಹಾಕಿ ಅಂತ ಹೇಳುವುದು. ಆ ಬೇಸಿಗೆಯಲ್ಲಂತೂ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಷ್ಟು ಬಿಸಿಲು. ಅಂಗಡಿ ತುಂಬ ಬಾಟಲಿ ಹಿಡಿದ ಜನ, ನನ್ನ ಸೀರೆ, ಕೂದಲು, ಚಪಾತಿ ಹಿಟ್ಟು ಎಲ್ಲಕ್ಕೂ ಅದೇ ಕ್ಲೋರಿನ್ ವಾಸನೆ. ಎಂ.ಎಸ್ಸಿ ಮಾಡಿದ್ದು ಈ ಭಾಗ್ಯಕ್ಕಾ ಅಂತ ದಿನಾ ಉರಿದುಕೊಳ್ಳುತ್ತ ಕ್ವೇಕರ್ಸ್ ಹಿಲ್‌ನ ಮನೆಗೆ ಬರುತ್ತಿದ್ದೆ.

ಆದರೆ ನನ್ನನ್ನು ನಿಜವಾಗಿ ತಿಂದುಹಾಕುತ್ತಿದ್ದ ಚಿಂತೆ ಬೇರೆಯೇ ಇತ್ತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ತನ್ವಿ ನನಗೆ ಕನ್ನಡದಲ್ಲಿ ಉತ್ತರ ಕೊಡುವುದನ್ನು ಬಿಟ್ಟಿದ್ದಳು. ಎಂದು ಬಿಟ್ಟಳು ಅಂತ ಕೇಳಿದರೆ ಹೇಳಲಾರೆ. ಹಾಲು ಕೆಡುವುದು ಯಾರ ಕಣ್ಣಿಗೆ ಬೀಳುತ್ತದೆ? “ತನೂ, ಊಟಕ್ಕ ಬಾರs” ಅಂದರೆ “ಕಮಿಂಗ್.” “ಸಾಲ್ಯಾಗ ಏನಾತು?” ಅಂದರೆ “ನಥಿಂಗ್.” ಸಿಟ್ಟು ಬಂದಾಗಲೂ ಇಂಗ್ಲಿಷು, ಅಳುವಾಗಲೂ ಇಂಗ್ಲಿಷು. ಹೆತ್ತ ಮಗಳು ಅಳುವಾಗ ಅವಳ ಮಾತು ನನ್ನ ಮಾತಲ್ಲ ಅನ್ನಿಸಿದರೆ ಏನಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ನಮ್ಮ ಮನೆಯವರಿಗೆ ಹೇಳಿದರೆ, “ಎಲ್ಲಾರ ಮನ್ಯಾಗೂ ಹಂಗs ಐತಿ, ನಿಂದೊಂದು ದೊಡ್ಡದೇನು?” ಅಂತ ಲ್ಯಾಪ್‌ಟಾಪಿನೊಳಗೆ ತಲೆ ಹಾಕುತ್ತಿದ್ದರು.

ಅಂಗಡಿಗೆ ಸಿಗ್ರೂನ್ ಬರಲು ಶುರುಮಾಡಿದ್ದು ಆ ದಿನಗಳಲ್ಲೇ. ಎಪ್ಪತ್ತು ದಾಟಿದ ಮುದುಕಿ, ಹುಟ್ಟಿದ್ದು ಐಸ್‌ಲ್ಯಾಂಡಿನಲ್ಲಿ, ಮದುವೆಯಾಗಿ ಈ ದೇಶಕ್ಕೆ ಬಂದವಳು. ಎಲ್ಲರೂ ಬಾಟಲಿಯಲ್ಲಿ ನೀರು ತಂದರೆ ಈಕೆ ಜಾಮಿನ ಡಬ್ಬಿಯಲ್ಲಿ ತರುತ್ತಿದ್ದಳು. ಡಬ್ಬಿ ಸರಿಯಾಗಿ ತೊಳೆದಿರುತ್ತಿರಲಿಲ್ಲ, ನನ್ನ ಲೆಕ್ಕಾಚಾರ ಎಲ್ಲ ಕೆಡುತ್ತಿತ್ತು. ಜಗಳವಾಡುತ್ತಲೇ ಗೆಳತಿಯರಾದೆವು. ಒಂದು ದಿನ ನಾನು ಆಮ್ಲಜನಕ, ಜಲಜನಕ ಅಂತ ನಮ್ಮಲ್ಲೂ ಹೆಸರುಗಳಿವೆ, ಆದರೆ ಮಕ್ಕಳ ಬಾಯಲ್ಲಿ ತಿರುಗುವುದಿಲ್ಲ ಅಂತ ಗೊಣಗಿದೆ. ಆಕೆ ಕಣ್ಣರಳಿಸಿದಳು.

“ನಮ್ಮಲ್ಲಿ ಆಕ್ಸಿಜನ್ನಿಗೆ ಸೂರೆಪ್ನಿ ಅಂತೀವಿ. ಹುಳಿ ವಸ್ತು ಅಂತ ಅರ್ಥ. ಕಾರ್ಬನ್ ಅಂದರೆ ಕೋಲೆಪ್ನಿ, ಇದ್ದಿಲ ವಸ್ತು. ಹೈಡ್ರೋಜನ್ ವೆತ್ನಿ, ಅದು ನೀರಿನಿಂದ ಹುಟ್ಟಿದ ಹೆಸರು. ನೈಟ್ರೋಜನ್ನಿಗೆ ಉಸಿರುಗಟ್ಟಿಸುವ ವಸ್ತು ಅಂತ ಒಂದು ಮಾರುದ್ದದ ಹೆಸರಿದೆ, ಹೇಳಲೇನು?” ಅಂತ ಹೇಳಿ ತೋರಿಸಿ, ಉಸಿರು ಕಟ್ಟಿದವಳ ಹಾಗೆ ಎದೆ ಹಿಡಿದುಕೊಂಡು ನಕ್ಕಳು.

“ಇವನ್ನೆಲ್ಲ ಯಾರು ಮಾಡಿದರು?”

“ಯಾರು ಬೇಕಾದರೂ ಮಾಡಬಹುದು. ಮೇಷ್ಟರು, ಡಾಕ್ಟರು, ಕುರಿ ಕಾಯುವವನು. ಊರಿನ ಜನ ಆಡಿದರೆ ಪದ ಉಳಿಯುತ್ತೆ, ಆಡದಿದ್ದರೆ ಸಾಯುತ್ತೆ.”

“ಕ್ಲೋರಿನ್ನಿಗೆ ಏನಂತೀರಿ?”

“ಕ್ಲೋರ್,” ಅಂದಳು, ಸ್ವಲ್ಪ ನಾಚಿಕೊಂಡು. “ಅದೊಂದಕ್ಕೆ ನಮ್ಮವರು ಸೋಮಾರಿಗಳಾದರು.”

ನಿಮ್ಮ ಮಕ್ಕಳಿಗೆ ಇವೆಲ್ಲ ಗೊತ್ತಾ ಅಂತ ಕೇಳಿದೆ. “ಅವರಿಗೆ ಕ್ರಿಸ್‌ಮಸ್ ಶುಭಾಶಯ ಹೇಳಲು ಬರುತ್ತೆ, ಅಷ್ಟೇ,” ಅಂದಳು. ಅದನ್ನೂ ನಗುತ್ತಲೇ ಅಂದಳು. ನನ್ನ ಮಗಳ ಗತಿ ಹಾಗಾಗಲು ಬಿಡುವುದಿಲ್ಲ ಅಂತ ಅವತ್ತು ಮನಸ್ಸಿನಲ್ಲೇ ಅಂದುಕೊಂಡೆ.

ಆ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ಮಾತು. ಹುಳಿ, ನೀರು, ಇದ್ದಿಲು, ಉಸಿರು! ಐಸ್‌ಲ್ಯಾಂಡಿನವರು ಇಡೀ ಕೆಮಿಸ್ಟ್ರಿಯನ್ನು ಅಡುಗೆಮನೆಯ ಮಾತಿನಲ್ಲಿ ಕಟ್ಟಿಬಿಟ್ಟಿದ್ದಾರಲ್ಲ. ನಾನು ಪಾಠ ಹೇಳುತ್ತಿದ್ದ ಭಾನುವಾರದ ಶಾಲೆಯ ಮಕ್ಕಳಿಗೆ ಬರುತ್ತಿದ್ದುದೂ ಅಡುಗೆಮನೆಯ ಕನ್ನಡ ಒಂದೇ. ಬಿಸಿ, ತಣ್ಣಗೆ, ಉಪ್ಪು, ಹುಳಿ, ಸಾಕು, ಬೇಡ, ಉರಿ, ಚೂರು. ಅಷ್ಟನ್ನೇ ಇಟ್ಟುಕೊಂಡು ಏನು ಮಾಡುವುದು ಅಂತ ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ. ಅಷ್ಟೇ ಸಾಕಾಗಿತ್ತು.

ಮುಂದಿನ ಭಾನುವಾರ ಬ್ಲ್ಯಾಕ್‌ಟೌನ್‌ನ ಆ ಬಾಡಿಗೆ ಹಾಲಿನಲ್ಲಿ ಅ ಆ ಇ ಈ ಬದಿಗಿಟ್ಟೆ. ವಸ್ತು ಅನ್ನುವುದಕ್ಕೆ ಹುರುಳು ಅಂತ ಒಂದೇ ಒಂದು ಪದ ನಾನು ಕೊಟ್ಟೆ, ಉಳಿದದ್ದು ನೀವು ಮಾಡಿ ಅಂದೆ. ಮೊದಲು ಮಿಕಿಮಿಕಿ ನೋಡಿದವು. ಆಮೇಲೆ ಶುರುವಾಯಿತು ನೋಡಿ! ಆಕ್ಸಿಜನ್ ಹುಳಿಹುರುಳಾಯಿತು. ಕಾರ್ಬನ್ ಇದ್ದಿಲಹುರುಳಾಯಿತು. ಸೋಡಿಯಂ ಉಪ್ಪಿನೊಳಗೆ ಇರುತ್ತೆ ಅಂದಿದ್ದಕ್ಕೆ ಬೆಳಗಾವಿಯವರ ಹುಡುಗಿ “ಉಪ್ಪಿನಮ್ಮ” ಅಂದಳು. ಕ್ಲೋರಿನ್ ಅಂದ ಕೂಡಲೇ ಎಲ್ಲ ಮಕ್ಕಳೂ ಈಜುವ ಕ್ಲಾಸಿನ ನೆನಪಿಗೆ ಕಣ್ಣುಜ್ಜಿಕೊಂಡು “ಉರಿ, ಉರಿ!” ಅಂತ ಕೂಗಿದವು. ಅಲ್ಲಿಗೆ ಕಣ್ಣುರಿ ಹುಟ್ಟಿತು. ಐಸ್‌ಲ್ಯಾಂಡಿನವರು ಸೋಮಾರಿಗಳಾದ ಕಡೆ ನಮ್ಮ ಮಕ್ಕಳು ಗೆದ್ದರು ಅಂತ ಸಿಗ್ರೂನ್‌ಗೆ ಹೇಳಿ ಕುಣಿದಿದ್ದೆ. ತನ್ವಿ ಮಾತ್ರ ಮೂಲೆಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತ ಕಟ್ಟುತ್ತ ಇದ್ದಳು.

ಜುಲೈ ಬಂತು. ಕ್ವೇಕರ್ಸ್ ಹಿಲ್‌ನ ನಮ್ಮ ಮನೆ ಚಳಿಗಾಲದಲ್ಲಿ ಒಳಗಿಗಿಂತ ಹೊರಗೇ ಬೆಚ್ಚಗೆ ಅನ್ನುವ ಜಾತಿಯದು. ಅಡುಗೆಮನೆಯಲ್ಲಿ ಒಂದು ಹೀಟರ್ ಇಟ್ಟುಕೊಂಡು ನಾನು ಚಪಾತಿ ಲಟ್ಟಿಸುತ್ತಿದ್ದೆ, ತನ್ವಿ ಹೀಟರಿಗೆ ಕಾಲು ಒಡ್ಡಿ ಕೂತಿದ್ದಳು. ಆರ್ಗಾನ್, ನಿಯಾನ್ ಅಂತ ಕೆಲವು ಗಾಳಿಗಳಿವೆ, ಅವು ಯಾರ ಜೊತೆಗೂ ಬೆರೆಯುವುದಿಲ್ಲ, ತಮ್ಮ ಪಾಡಿಗೆ ತಾವು ಇರುತ್ತವೆ, ಅವುಗಳಿಗೆ ಹೆಸರೇ ಹೊಳೆಯುತ್ತಿಲ್ಲ ಅಂತ ಸುಮ್ಮನೆ ಹೇಳುತ್ತಿದ್ದೆ. ಅವಳಿಗೆ ಅಂತ ಹೇಳಿದ್ದೂ ಅಲ್ಲ.

“ಅಮ್ಮಾ, ಅವು ಎಲ್ಲಾರ ಜೋಡಿ ಠೂ ಬಿಟ್ಟಾವೇನು?”

ಲಟ್ಟಣಿಗೆ ಅಲ್ಲೇ ನಿಂತಿತು. ಹಿಂದಿನ ವರ್ಷ ಧಾರವಾಡಕ್ಕೆ ಹೋದಾಗ ಅಕ್ಕನ ಮಕ್ಕಳ ಜೊತೆ ಇವಳು ದಿನ ಬೆಳಗಾದರೆ ಠೂ ಬಿಡುತ್ತಿದ್ದಳು. ಕಿರುಬೆರಳಿಗೆ ಕಿರುಬೆರಳು ಸಿಗಿಸಿ ಎಳೆದು, “ಠೂ! ನಿನ್ನ ಜೋಡಿ ಮಾತಾಡಂಗಿಲ್ಲ ಹೋಗು” ಅಂತ ಮೂತಿ ತಿರುಗಿಸುವುದು, ಹೋಳಿಗೆ ಬಡಿಸುವ ಹೊತ್ತಿಗೆ ಎಲ್ಲ ಮರೆತು ಒಂದಾಗುವುದು. ಅದು ಅವಳೊಳಗೆ ಎಲ್ಲೋ ಕೂತಿತ್ತು.

“ಹೌದವ್ವಾ, ಠೂ ಬಿಟ್ಟಾವ,” ಅಂದೆ.

“ಮತ್ತ ಠೂ ಗಾಳಿ ಅನ್ನು,” ಅಂದಳು. “ಅಮ್ಮಾ, ಚಪಾತಿ ಸುಡಾಕತ್ತೇತಿ!”

ಚಪಾತಿ ಸುಟ್ಟು ಕರಿಯಾಯಿತು. ಅದನ್ನೇ ತಿಂದೆ ಅವತ್ತು, ಅಮೃತದ ಹಾಗಿತ್ತು.

ಆ ಚಳಿಗಾಲ ನನ್ನ ಮಗಳು ನನಗೆ ವಾಪಸು ಸಿಕ್ಕಿದ್ದಳು. ಕಂಡಕಂಡದ್ದಕ್ಕೆಲ್ಲ ಹೆಸರಿಡುವ ಹುಚ್ಚು ಹಿಡಿಯಿತು ಅವಳಿಗೆ. ಮನೆಯ ಡಿಶ್‌ವಾಶರ್ ತೊಳೆಯವ್ವ ಆಯಿತು. ಅವರಪ್ಪನ ಲ್ಯಾಪ್‌ಟಾಪ್ ಸವತಿ ಆಯಿತು. ಆ ಮಾತು ನಾನು ಸಿಟ್ಟಿನಲ್ಲಿ ಅಂದಿದ್ದನ್ನು ಕೇಳಿ ಕಲಿತದ್ದು. ತಪ್ಪು ತಪ್ಪು ಕನ್ನಡ, ಅರ್ಧ ಧಾರವಾಡ, ಅರ್ಧ ಬ್ಲ್ಯಾಕ್‌ಟೌನ್. ಆದರೆ ಹಟ ಮಾಡುವುದು ಕನ್ನಡದಲ್ಲಿ, ಜಗಳ ಆಡುವುದು ಕನ್ನಡದಲ್ಲಿ. ಇದಕ್ಕಿಂತ ಹೆಚ್ಚು ನನಗೇನು ಬೇಕಿತ್ತು ಹೇಳಿ.

ನವೆಂಬರಿನಲ್ಲಿ ರಾಜ್ಯೋತ್ಸವ. ನಮ್ಮ ಕನ್ನಡ ಸಂಘದ ಅಧ್ಯಕ್ಷರು ಶ್ರೀಕಂಠ ಅಂತ, ಬೆಂಗಳೂರಿನ ಕಡೆಯವರು, ಮಾತು ಬೆಲ್ಲ. ವೇದಿಕೆಯ ಮೇಲೆ ಬರುವುದೆಲ್ಲ ಮೊದಲು ಅವರ ಕಣ್ಣಿಗೆ ಬೀಳಬೇಕು ಅನ್ನುವುದು ಸಂಘದ ಪದ್ಧತಿ. ಮಕ್ಕಳ ಹೆಸರುಗಳನ್ನೆಲ್ಲ ಬರೆದು ಕಳಿಸಿದೆ. ಅವತ್ತೇ ಫೋನ್ ಮಾಡಿದರು. “ಸೂಪರ್ ಆಗಿದೆ ಮೇಡಂ! ಆ ಠೂ ಗಾಳಿ ಅಂತೂ ಬಿದ್ದು ಬಿದ್ದು ನಕ್ಕೆ. ಎಷ್ಟು ಕ್ರಿಯೇಟಿವ್ ರೀ ಮಕ್ಕಳು!” ಅಂದರು. ತನ್ವಿಗೆ ಹೇಳಿದೆ. ಅವಳು ಅಂದಿನಿಂದ ಕನ್ನಡಿಯ ಮುಂದೆ ತನ್ನ ಮಾತನ್ನು ಹೇಳಿ ಹೇಳಿ ನನ್ನ ತಲೆ ತಿಂದಳು.

ಕಾರ್ಯಕ್ರಮದ ದಿನ ಹಾಲು ಗಿಜಿಗಿಜಿ. ಬೆಂಗಳೂರಿನಿಂದ ಒಬ್ಬ ವಿದ್ವಾಂಸರನ್ನು ಮುಖ್ಯ ಅತಿಥಿಯಾಗಿ ಕರೆಸಿದ್ದರು. ಮಕ್ಕಳು ಸಾಲಾಗಿ ನಿಂತವು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಲಗೆ. “ನಾನು ಹುಳಿಹುರುಳು! ನಾನಿಲ್ಲದೆ ನೀವು ಉಸಿರಾಡಕ್ಕೆ ಆಗಲ್ಲ!” ಜನ ನಕ್ಕು ಚಪ್ಪಾಳೆ ಹೊಡೆದರು. ಕಣ್ಣುರಿಗೆ ಇನ್ನೂ ದೊಡ್ಡ ಚಪ್ಪಾಳೆ. ಕೊನೆಗೆ ತನ್ವಿ ಮುಂದೆ ಬಂದಳು. ಕಿರುಬೆರಳು ಎತ್ತಿ ಹಿಡಿದು, “ನಾನು ಠೂ ಗಾಳಿ! ನಾನು ಯಾರ ಜೋಡಿನೂ ಮಾತಾಡಂಗಿಲ್ಲ!” ಅಂತ ಮೂತಿ ತಿರುಗಿಸಿದಳು. ಹಾಲು ಗೊಳ್ಳೆಂದಿತು. ನನ್ನ ಕಣ್ಣು ತುಂಬಿತ್ತು.

ನಮ್ಮಲ್ಲೊಂದು ಚಟ ಇದೆ. ಮಕ್ಕಳು ಏನೇ ಮಾಡಲಿ, ಆಮೇಲೆ ದೊಡ್ಡವರು ಮೈಕು ಹಿಡಿದು ‘ಎರಡು ಮಾತು’ ಆಡಲೇಬೇಕು. ಮುಖ್ಯ ಅತಿಥಿಗಳ ಮುಖ ಹುಣಸೆಹಣ್ಣು ತಿಂದ ಹಾಗಿತ್ತು. ಅವರು ಅಧ್ಯಕ್ಷರ ಕಿವಿಯಲ್ಲಿ ಏನೋ ಅಂದರು. ಅಧ್ಯಕ್ಷರು ಎದ್ದರು.

“ಮಕ್ಕಳು ತಮಾಷೆಯಾಗಿ ಮಾಡಿದ್ದಾರೆ, ಸಂತೋಷ. ಆದರೆ ಇದು ರಾಜ್ಯೋತ್ಸವ ಅಲ್ವಾ, ಶುದ್ಧ ಕನ್ನಡ ಕಲೀಬೇಕು. ಎಲ್ಲರೂ ಹೇಳಿ, ಆಮ್ಲಜನಕ!” ಹಾಲು “ಆಮ್ಲಜನಕ” ಅಂದಿತು. ಮಕ್ಕಳು ಹಲಗೆ ಕೆಳಗಿಳಿಸಿದವು. ಅಧ್ಯಕ್ಷರು ತನ್ವಿಯ ಹೆಗಲ ಮೇಲೆ ಕೈ ಇಟ್ಟರು. “ಪುಟ್ಟಾ, ಠೂ ಅನ್ನೋದು ಕನ್ನಡ ಅಲ್ಲಮ್ಮ, ಅದು ಬೀದಿ ಜಗಳ. ಜಡಾನಿಲ ಅನ್ನಬೇಕು. ಹೇಳು, ಜ-ಡಾ-ನಿ-ಲ.”

ಮೈಕನ್ನು ಅವಳ ಬಾಯಿಗೆ ಹಿಡಿದರು. ಅವಳು ನನ್ನನ್ನು ಹುಡುಕುತ್ತಿದ್ದಳು. ನಾನು ಎದ್ದು ನಿಂತು ಕೈ ಬೀಸಿದೆ, ಕಂಡಿತೋ ಇಲ್ಲವೋ. ಏನೋ ಅಂದಳು. ಆ ‘ಡ’ ಆಸ್ಟ್ರೇಲಿಯಾದ ಡ ಆಗಿತ್ತು, ಜನ ನಕ್ಕರು. “ಇನ್ನೊಂದು ಸಲ, ಜೋರಾಗಿ!” ಮತ್ತೆ ಅಂದಳು, ಮತ್ತೆ ನಕ್ಕರು. ಅಷ್ಟರಲ್ಲಿ ನಾನು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ವೇದಿಕೆ ಹತ್ತಿದ್ದೆ. ಮಗಳ ಕೈ ಹಿಡಿದು ಇಳಿಸಿಕೊಂಡು ಬಂದೆ. “ಅಮ್ಮನಿಗೆ ಬೇಜಾರಾಯ್ತು ಅನ್ಸುತ್ತೆ,” ಅಂದರು ಅಧ್ಯಕ್ಷರು ಮೈಕಿನಲ್ಲಿ. ಅದಕ್ಕೂ ನಕ್ಕರು.

ಊಟದ ಸಾಲಿನಲ್ಲಿ ಬಿಸಿಬೇಳೆಬಾತಿನ ಪಾತ್ರೆಯ ಮುಂದೆ ಅವರನ್ನು ಹಿಡಿದೆ. “ಅಲ್ರೀ, ನೀವs ಫೋನ್ ಮಾಡಿ ಸೂಪರ್ ಅಂದ್ರಿ. ಆಮ್ಲ ಅಂದ್ರ ಕನ್ನಡ, ಹುಳಿ ಅಂದ್ರ ಕನ್ನಡ ಅಲ್ಲೇನು? ನೀವು ಈಗ ತಾಟಿಗೆ ಹಾಕ್ಕೊಳಾಕತ್ತೀರಲ್ಲಾ, ಅದರಾಗ ಏನ್ ಹಾಕ್ಯಾರ, ಆಮ್ಲನೋ ಹುಳಿನೋ?”

“ಮೇಡಂ, ಬೇಜಾರ್ ಮಾಡ್ಕೋಬೇಡಿ. ಪ್ರೀತಿಯಿಂದ ತಿದ್ದಿದ್ದು. ಅತಿಥಿಗಳ ಮುಂದೆ ಸಂಘದ ಮರ್ಯಾದೆ ಇರುತ್ತಲ್ವಾ?”

“ನನ್ನ ಮಗಳ ಮರ್ಯಾದಿ?”

“ಚಿಕ್ಕ ಮಗು ಮೇಡಂ, ನಾಳೆ ಮರೆತುಬಿಡ್ತಾಳೆ,” ಅಂದು ಹಪ್ಪಳ ತೆಗೆದುಕೊಂಡರು. ನಮ್ಮ ಮನೆಯವರು ಬಂದು ನನ್ನ ತೋಳು ಹಿಡಿದು, “ಸಾಕು, ಎಲ್ಲಾರೂ ನೋಡಾಕತ್ತಾರ,” ಅಂದರು. ಮಗಳನ್ನು ಎರಡೆರಡು ಸಲ ನಗೆಪಾಟಲು ಮಾಡಿದಾಗ ಎಲ್ಲರೂ ನೋಡುತ್ತಿದ್ದುದು ಅವರಿಗೆ ಕಂಡಿರಲಿಲ್ಲ.

ಕಾರಿನಲ್ಲಿ ತನ್ವಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. “ಐ ಡೋಂಟ್ ವಾಂಟ್ ಟು ಡೂ ಕನ್ನಡ ಎನಿಮೋರ್,” ಅಂದಳು. ಅಳಲೂ ಇಲ್ಲ, ಚೀರಲೂ ಇಲ್ಲ. ಎರಡು ದಿನ ಸಿಟ್ಟಿರುತ್ತೆ, ಹೋಗುತ್ತೆ ಅಂದುಕೊಂಡೆ. ಹೋಗಲಿಲ್ಲ. ನಾನು ಭಾನುವಾರದ ಶಾಲೆ ಬಿಟ್ಟೆ, ಬಿಟ್ಟೆ ಅನ್ನುವುದಕ್ಕಿಂತ ಬೇರೆಯವರನ್ನು ನೋಡಿಕೊಂಡರು. ನನ್ನ ಬಾಯಿ ಜೋರು ಅಂತ ಬ್ಲ್ಯಾಕ್‌ಟೌನ್ ತುಂಬ ಸುದ್ದಿಯಾಯಿತು, ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೂ ಕರೆಯುವುದು ನಿಂತಿತು. ಅದಕ್ಕೆಲ್ಲ ನಾನು ಸೊಪ್ಪು ಹಾಕುವವಳಲ್ಲ. ಆದರೆ ಮನೆಯೊಳಗೆ ತೊಳೆಯವ್ವ ಮತ್ತೆ ಡಿಶ್‌ವಾಶರ್ ಆದದ್ದು ತಡೆಯಲಾಗಲಿಲ್ಲ. ನಾನು ಕನ್ನಡದಲ್ಲಿ ಕರೆಯುವುದು, ಅವಳು ಇಂಗ್ಲಿಷಿನಲ್ಲಿ ಬರುವುದು. ಕಾಡಿದೆ, ಬೇಡಿದೆ, ಹೊಸ ಹೊಸ ಹೆಸರು ಕೇಳಿದೆ. “ಐ ಡೋಂಟ್ ನೋ, ಅಮ್ಮಾ,” ಅನ್ನುವಳು. ಆಮೇಲಾಮೇಲೆ ಅದು ನಿಜವೇ ಆಗಿತ್ತು.

ಸಿಗ್ರೂನ್‌ಗೆ ಹೇಳಿಕೊಂಡು ಅತ್ತಿದ್ದೆ. ಜಾಮಿನ ಡಬ್ಬಿ ಕೌಂಟರಿನ ಮೇಲಿಟ್ಟು ಕೇಳಿಸಿಕೊಂಡಳು. “ಪದದ ಚಿಂತೆ ಬಿಡು. ಒಳ್ಳೆಯ ಪದ ಅದು, ನಕ್ಕವರ ಬಾಯಲ್ಲೇ ಬದುಕುತ್ತೆ. ಹುಡುಗಿಯನ್ನು ನೋಡಿಕೋ,” ಅಂದಳು. ಹೇಗೆ ನೋಡಿಕೊಳ್ಳುವುದು ಅಂತ ಆಕೆಗೂ ಗೊತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಮನೆ ಮಾರಿ ಮಗನ ಊರಿಗೆ ಹೋದಳು.

ಲಿಫ್ಟು ಕೆಳಗೆ ಬಂತು. ನಾವು ಹೊರಟಿದ್ದು ಟ್ರ್ಯಾಮಿನಲ್ಲಿ ಎರಡು ಸ್ಟಾಪ್ ಆಚೆಯ ಹಾಲಿಗೆ. ಮೆಲ್ಬರ್ನ್‌ನ ಕನ್ನಡದವರು ‘ವಿಜ್ಞಾನಕ್ಕೆ ನಮ್ಮ ಪದ’ ಅಂತ ಒಂದು ಸಂಜೆ ಇಟ್ಟಿದ್ದರು. ಯಾರು ಮಾತಾಡುತ್ತಾರೆ ಅಂತ ನೋಡದೆ ಹೋಗೋಣ ಅಂದದ್ದು ನಾನೇ. ತನ್ವಿ ಪಾಪ, ನನಗೆ ಜೊತೆಯಾಗಲಿ ಅಂತ ಬಂದಳು.

ವೇದಿಕೆ ಮೇಲೆ ಸಿಡ್ನಿಯಿಂದ ಕರೆಸಿದ್ದ ಶ್ರೀಕಂಠ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮಾತಿನ ಬೆಲ್ಲ ಹಾಗೇ ಇತ್ತು. ಈಗ ಸಂಸ್ಕೃತದ ಕಾಲ ಹೋಗಿ ಅಚ್ಚಗನ್ನಡದ ಕಾಲ ಬಂದಿದೆಯಲ್ಲ, ಅವರೂ ಅಂಗಿ ಬದಲಿಸಿದ್ದರು. “ನಮ್ಮ ಮಕ್ಕಳ ಮೇಲೆ ಆಮ್ಲಜನಕ ಹೇರಿದ್ದು ಸಾಕು. ಅಡುಗೆಮನೆಯ ಕನ್ನಡವೇ ನಿಜವಾದ ಕನ್ನಡ,” ಅಂದರು. ಹಿಂದಿನ ಪರದೆಯ ಮೇಲೆ ಮೂಲವಸ್ತುಗಳ ಪಟ್ಟಿ ಬಂತು. ಹುಳಿಹುರುಳು. ಇದ್ದಿಲಹುರುಳು. ಉಪ್ಪಿನಮ್ಮ. ಕಣ್ಣುರಿ. ಒಂದಕ್ಷರ ಆಚೀಚೆ ಆಗಿರಲಿಲ್ಲ, ನಾನು ಕಳಿಸಿದ ಹಾಗೇ ಇತ್ತು. ಬಲತುದಿಯಲ್ಲಿ ಆರ್ಗಾನ್, ನಿಯಾನ್‌ಗಳ ಸಾಲಿನ ನೆತ್ತಿಯ ಮೇಲೆ ದೊಡ್ಡದಾಗಿ: ಠೂ ಗಾಳಿ.

“ಚಿಕ್ಕವನಿದ್ದಾಗ ನಮ್ಮ ಅಕ್ಕನ ಜೊತೆ ಠೂ ಬಿಡ್ತಿದ್ದೆ. ಅದು ನೆನಪಾಗಿ ಈ ಪದ ನನಗೆ ಹೊಳೀತು,” ಅಂದರು. ಹಾಲು ಗೊಳ್ಳೆಂದು ನಕ್ಕಿತು. ಈ ಸಲ ಅದು ಮೆಚ್ಚುಗೆಯ ನಗು.

ನನ್ನ ಮೈಯೆಲ್ಲ ಬೆಂಕಿ. ಎದ್ದು ನಿಂತು ಕೂಗಬೇಕು, ಈ ಪದ ಹುಟ್ಟಿದ್ದು ಯಾರ ಬಾಯಲ್ಲಿ ಅಂತ ಹೇಳಿ ಇವರ ಮುಖವಾಡ ಕಳಚಬೇಕು. ಹದಿಮೂರು ವರ್ಷ ಮಗಳ ಪರವಾಗಿ ಈ ಸಿಟ್ಟನ್ನು ಹೊತ್ತುಕೊಂಡು ತಿರುಗಿದ್ದೆ. ಕುರ್ಚಿಯ ಕೈ ಹಿಡಿದು ಏಳುತ್ತಾ ತನ್ವಿಯ ಕಡೆ ತಿರುಗಿದೆ. ಅವಳ ಕಣ್ಣಲ್ಲಿ ಒಂದು ಕಿಡಿ ಕಂಡರೆ ಸಾಕಿತ್ತು.

ಅವಳು ಪರದೆ ನೋಡಿ ನಗುತ್ತಿದ್ದಳು. ನನ್ನ ಕಡೆ ಬಾಗಿ ಪಿಸುಗುಟ್ಟಿದಳು. “ದಟ್ಸ್ ಆ್ಯಕ್ಚುಲಿ ಕ್ಯೂಟ್. ಬಟ್ ವಾಟ್ಸ್ ಠೂ, ಅಮ್ಮಾ?”

ಮುಖ ನೋಡಿದೆ. ನಟಿಸುತ್ತಿದ್ದರೆ ನನಗೆ ತಿಳಿಯುತ್ತಿತ್ತು, ಹೆತ್ತವಳು ನಾನು. ನಿಜವಾಗಿಯೂ ಮರೆತಿದ್ದಳು. ವೇದಿಕೆ, ಮೈಕು, ಸುಟ್ಟ ಚಪಾತಿ, ಎಲ್ಲ. ಏಳಲು ಹೋದವಳು ಮೆಲ್ಲಗೆ ಕೂತೆ.

“ಇಟ್ಸ್ ವೆನ್ ಯೂ ಸ್ಟಾಪ್ ಟಾಕಿಂಗ್ ಟು ಸಮ್‌ಒನ್,” ಅಂದೆ. ಇಂಗ್ಲಿಷಿನಲ್ಲೇ ಅಂದೆ.

“ಓ, ನೈಸ್,” ಅಂದಳು. ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದಳು.